ಎಲೆಯಿಲ್ಲದ ಕಾಡು

ಮುಂಬಯಿಯಿಂದ ರಾಯಚೂರಿನ ಕಡೆಗೆ ಹೋಗುವ ರೈಲಿನಲ್ಲಿ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಯಾದಗಿರಿಯನ್ನು ದಾಟುವ ಪ್ರಯಾಣಿಕನು ಕಿಟಕಿಯಿಂದ ಹೊರಗೆ ನೋಡಿದರೆ ಅವನಿಗೆ ಕಾಣುವುದೇನು? ಕಾದ ಬಂಡೆಗಳ ಗುಡ್ಡ. ಆ ಗುಡ್ಡದ ಮೇಲೆ ಕಡ್ಡಿಗಳನ್ನು ನೆಟ್ಟಂತೆ ನಿಂತಿರುವ ಬೂದಿಬಣ್ಣದ ಬೋಳು ಮರಗಳು. ಅವುಗಳ ಬುಡದಲ್ಲಿ ಒಣಗಿದ ಹುಲ್ಲು, ಮುಳ್ಳಿನ ಪೊದೆ. “ಈ ಸೀಮೆಯಲ್ಲಿ ಕಾಡೆಂಬುದೇ ಇಲ್ಲ” ಎಂದುಕೊಂಡು ಅವನು ಬಿಸಿಗಾಳಿಗೆ ಹೆದರಿ ಕಿಟಕಿಯನ್ನು ಮುಚ್ಚಿಕೊಳ್ಳುವನು. ನಾವೂ ಎಷ್ಟೋ ಸಲ ಹಾಗೆಯೇ ಮುಚ್ಚಿಕೊಂಡವರೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಕನ್ನಡಿಗರಾದ ನಮಗೆ ಕಾಡೆಂದರೆ ಮಲೆನಾಡು. ಬಿಸಿಲು ನೆಲಕ್ಕೆ ತಾಗಬಾರದು, ಜಿಗಣೆ ಕಾಲಿಗೆ ಹತ್ತಬೇಕು, ಎಲ್ಲಿಯೋ ನೀರು ಹರಿಯುವ ಸದ್ದು ಕೇಳುತ್ತಿರಬೇಕು. ಆಗಲೇ ಅದು ಕಾಡು. ಈ ಅಳತೆಗೋಲನ್ನು ಹಿಡಿದು ಯಾದಗಿರಿ, ಶಹಾಪುರ, ಸುರಪುರಗಳ ಗುಡ್ಡಗಳನ್ನು ಅಳೆಯಹೊರಟರೆ ನಮ್ಮ ಕೈಗೆ ಸಿಕ್ಕುವುದು ಒಂದೇ ಮಾತು: ಬಂಜರು.

ಈ ಮಾತಿನಿಂದ ಆದ ಹಾನಿ ಅಷ್ಟಿಷ್ಟಲ್ಲ. ಅದನ್ನು ಹೇಳುವ ಮೊದಲು ಈ ನೆಲದ ಪರಿಚಯವನ್ನು ಸ್ವಲ್ಪ ಮಾಡಿಕೊಳ್ಳೋಣ.

ಬಹುಕಾಲ ಗುಲ್ಬರ್ಗಾ ಜಿಲ್ಲೆಯ ಭಾಗವಾಗಿದ್ದು ಆಮೇಲೆ ಬೇರೆ ಜಿಲ್ಲೆಯಾದ ಯಾದಗಿರಿ ಸೀಮೆಯು ಭೀಮಾ ಮತ್ತು ಕೃಷ್ಣಾ ನದಿಗಳ ನೆರೆಯಲ್ಲಿದೆ. ಯಾದಗಿರಿ ಪಟ್ಟಣವು ಭೀಮೆಯ ಪೂರ್ವಕ್ಕಿದ್ದರೆ ಶಹಾಪುರ, ಸುರಪುರಗಳು ನದಿಯ ಆಚೆಗಿವೆ. ಪೂರ್ವದಲ್ಲಿ ಗುರುಮಿಟ್ಕಲ್ಲಿನ ಗುಡ್ಡಗಳು ತೆಲಂಗಾಣದ ಗಡಿಯನ್ನು ಮುಟ್ಟುತ್ತವೆ. ಬಯಲಿನಲ್ಲಿ ಎರೆಭೂಮಿ, ಅಲ್ಲಿ ಶತಮಾನಗಳಿಂದ ಜೋಳ, ತೊಗರಿ, ಹತ್ತಿಗಳ ಬೇಸಾಯ. ನೇಗಿಲು ಹೋಗಲಾರದ ಕಣಶಿಲೆಯ ಗುಡ್ಡಗಳಲ್ಲಿಯೂ ಮಸಾರಿ ನೆಲದಲ್ಲಿಯೂ ಕಾಡು ಉಳಿದುಕೊಂಡಿದೆ. ಶಹಾಪುರದ ಬಳಿಯ ಬೆಟ್ಟಗಳ ಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುವುದೆಂಬ ಮಾತನ್ನು ವಾಚಕರು ಕೇಳಿರಬಹುದು. ವರ್ಷಕ್ಕೆ ಬೀಳುವ ಮಳೆ ಸ್ಥೂಲವಾಗಿ 600ರಿಂದ 750 ಮಿಲಿಮೀಟರು, ಅಂದರೆ ಆಗುಂಬೆಯ ಮಳೆಯ ಹತ್ತನೆಯ ಒಂದು ಪಾಲು. ಅದರಲ್ಲಿಯೂ ಬಹುಭಾಗ ಜೂನಿನಿಂದ ಅಕ್ಟೋಬರಿನೊಳಗೆ ಸುರಿದು ಮುಗಿಯುತ್ತದೆ. ಉಳಿದ ಏಳು ತಿಂಗಳು ಆಕಾಶದಿಂದ ಬರುವುದು ಬೆಂಕಿಯೇ ಹೊರತು ನೀರಲ್ಲ. 1968ರಲ್ಲಿ ಚಾಂಪಿಯನ್ ಮತ್ತು ಸೇಠ್ ಎಂಬ ಅರಣ್ಯವಿಜ್ಞಾನಿಗಳು ಭಾರತದ ಕಾಡುಗಳನ್ನು ವಿಂಗಡಿಸಿದಾಗ ಇಂಥ ಕಾಡುಗಳನ್ನು ದಕ್ಷಿಣದ ಒಣ ಪರ್ಣಪಾತಿ ಕಾಡು, ದಕ್ಷಿಣದ ಮುಳ್ಳುಕಾಡು ಎಂಬ ಎರಡು ವರ್ಗಗಳಲ್ಲಿ ಸೇರಿಸಿದರು. ಬಂಜರು ಎಂಬ ವರ್ಗ ಅವರ ಪಟ್ಟಿಯಲ್ಲಿಲ್ಲ.

ಎಲೆ ಉದುರಿಸುವುದೆಂದರೆ ಮರವು ಸಾಯುವುದಲ್ಲ, ಲೆಕ್ಕವಿಟ್ಟು ಬಾಳುವುದು. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳುಂಟು. ಅವು ತೆರೆದರೆ ಗಾಳಿ ಒಳಗೆ ಬಂದು ಮರಕ್ಕೆ ಆಹಾರ ಸಿದ್ಧವಾಗುತ್ತದೆ. ಆದರೆ ಅದೇ ಬಾಗಿಲಿನಿಂದ ನೀರು ಆವಿಯಾಗಿ ಹೊರಟುಹೋಗುತ್ತದೆ. ನೀರು ಧಾರಾಳವಾಗಿದ್ದಾಗ ಈ ವ್ಯಾಪಾರ ಲಾಭದ್ದು. ಬೇಸಗೆಯಲ್ಲಿ ಅದು ದಿವಾಳಿಯ ದಾರಿ. ಆದ್ದರಿಂದ ಮರವು ಎಲೆಯಲ್ಲಿರುವ ಸಾರವನ್ನು ಮೊದಲು ಕಾಂಡಕ್ಕೆ ಎಳೆದುಕೊಂಡು, ಬರಿಯ ತೊಗಟೆಯಂತಾದ ಎಲೆಯನ್ನು ಕಳಚಿ ಎಸೆದು, ಅಂಗಡಿಯನ್ನು ಮುಚ್ಚಿ ಕುಳಿತುಬಿಡುವುದು. ದಿಂಡಿಗ, ಮಶಿವಾಳ, ಬೀಡಿಯ ಎಲೆ ಕೊಡುವ ತುಮರಿ ಇವೆಲ್ಲ ಈ ಜಾತಿಯ ಮಿತವ್ಯಯಿಗಳು. ಮುತ್ತುಗವಂತೂ ಎಲೆಯ ಖರ್ಚನ್ನು ಉಳಿಸಿದ ಕಾಲದಲ್ಲಿಯೇ ಹೂವಿನ ಖರ್ಚನ್ನು ಮಾಡುತ್ತದೆ. ಎಲೆಗಳ ಮರೆಯಿಲ್ಲದ ಕಾರಣ ಅದರ ಕೆಂಪು ದೂರದ ಹಕ್ಕಿಗಳಿಗೂ ಕಾಣಿಸಿ, ಪರಾಗವನ್ನು ಸಾಗಿಸುವ ಕೆಲಸ ಸುಲಭವಾಗುತ್ತದೆ.

ಕಮರದ ಕಥೆ ಇನ್ನೂ ಸ್ವಾರಸ್ಯವಾದುದು. ಇದರ ಕಟ್ಟಿಗೆ ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ. ಭಾರತದ ಅತ್ಯಂತ ಗಟ್ಟಿಯಾದ ಕಟ್ಟಿಗೆಗಳಲ್ಲಿ ಅದೂ ಒಂದು. ಬೀಜ ಮೊಳೆತ ಮೊದಲ ವರ್ಷಗಳಲ್ಲಿ ಸಸಿಯು ನೆಲದ ಮೇಲೆ ಗೇಣುದ್ದ ಬೆಳೆದರೆ ಹೆಚ್ಚು. ನೋಡಿದವನು ಇದು ಬಾಳುವ ಗಿಡವಲ್ಲವೆಂದು ತೀರ್ಮಾನಿಸುವನು. ಆದರೆ ಅಷ್ಟರಲ್ಲಿ ಅದರ ತಾಯಿಬೇರು ಬಂಡೆಯ ಸೀಳುಗಳಲ್ಲಿ ನುಸುಳುತ್ತ, ಮೇಲಿನ ಚಿಗುರಿನ ಎಷ್ಟೋ ಪಾಲು ಆಳಕ್ಕೆ ಇಳಿದಿರುತ್ತದೆ. ಮೊದಲು ನೀರಿನ ಏರ್ಪಾಟು, ಆಮೇಲೆ ಮನೆ! ಇಂಥ ಸಸಿಯನ್ನು ಮೇಕೆ ಕಡಿದರೂ ಬೆಂಕಿ ಸುಟ್ಟರೂ ಬೇರಿನಲ್ಲಿ ಕೂಡಿಟ್ಟ ಗಂಟಿನಿಂದ ಮತ್ತೆ ಚಿಗುರುವುದು. ಆದರೆ ವರ್ಷವರ್ಷವೂ ಸುಟ್ಟರೆ ಆ ಗಂಟೂ ಕರಗುತ್ತದೆ. ಹೊಸ ಹುಲ್ಲು ಬರಲೆಂದೋ ಸುಮ್ಮನೆಯೋ ಮಾರ್ಚಿನಲ್ಲಿ ಗುಡ್ಡಕ್ಕೆ ಹಚ್ಚುವ ಬೆಂಕಿಯು ದೊಡ್ಡ ಮರಗಳನ್ನು ಕೊಲ್ಲುವುದು ಕಡಮೆ. ಅದು ಕೊಲ್ಲುವುದು ಮುಂದಿನ ಕಾಡನ್ನು.

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಈ ಮರಗಳಲ್ಲಿ ಎಷ್ಟೋ ಮಳೆಗಾಗಿ ಕಾಯುವುದಿಲ್ಲ. ನೆಲವೆಲ್ಲ ಬಿರುಕುಬಿಟ್ಟು, ಬಿಸಿಲು 42 ಡಿಗ್ರಿಯನ್ನು ದಾಟುವ ಹೊತ್ತಿನಲ್ಲಿಯೇ ಕೊಂಬೆಗಳಲ್ಲಿ ಕೆಂಪು ತಳಿರು ಕಾಣಿಸಿಕೊಳ್ಳುತ್ತದೆ. ನೀರು ಅತ್ಯಂತ ದುರ್ಲಭವಾದ ಕಾಲದಲ್ಲಿ ಈ ದುಂದೇಕೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುರಳಿ ಮತ್ತು ಸುಕುಮಾರ್ ಎಂಬ ವಿಜ್ಞಾನಿಗಳು ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೆಯ ಒಣಕಾಡಿನಲ್ಲಿ ಇದನ್ನು ಪರಿಶೀಲಿಸಿ 1993ರಲ್ಲಿ ಪ್ರಕಟಿಸಿದರು. ಮಳೆಗೆ ಮೊದಲೇ ಚಿಗುರುವ ಮರಗಳ ಎಲೆಗಳನ್ನು ಹುಳುಗಳು ತಿಂದದ್ದು ಕಡಮೆ. ಮಳೆ ಬಂದ ಮೇಲೆ ನಿಧಾನವಾಗಿ ಚಿಗುರಿದವುಗಳಿಗೆ ಆದ ಹಾನಿ ಹೆಚ್ಚು. ಮಳೆಯೊಡನೆ ಹುಳುಗಳ ದಂಡು ಹೊರಡುವ ಹೊತ್ತಿಗೆ ಮೊದಲಿನವುಗಳ ಎಲೆ ಬಲಿತು ಒರಟಾಗಿರುತ್ತದೆಯಲ್ಲವೆ! ಬೇರಿನಲ್ಲಿಯೂ ಕಾಂಡದಲ್ಲಿಯೂ ಉಳಿಸಿಟ್ಟ ನೀರನ್ನು ಮರವು ಈ ಒಂದು ಕೆಲಸಕ್ಕಾಗಿ ಮುಡಿಪಾಗಿಟ್ಟಿತ್ತೆಂದು ಹೇಳಬಹುದು.

ಉದುರಿದ ಎಲೆಗಳ ಗತಿಯೇನು? ಮಲೆನಾಡಿನಲ್ಲಿ ಅವು ಕೊಳೆತು ಗೊಬ್ಬರವಾಗುತ್ತವೆ. ಇಲ್ಲಿ ಕೊಳೆಯಲು ತೇವವೇ ಇಲ್ಲ. ಆ ಕೆಲಸವನ್ನು ವಹಿಸಿಕೊಂಡವು ಗೆದ್ದಲುಗಳು. ಅವು ಆಳದಿಂದ ತೇವವನ್ನು ತಂದು, ಹುತ್ತದೊಳಗೆ ತಂಪಾದ ಕೋಣೆಗಳನ್ನು ಕಟ್ಟಿ, ಅಲ್ಲಿ ಅಗಿದ ಎಲೆ ಕಡ್ಡಿಗಳ ಮೇಲೆ ಅಣಬೆಯ ಜಾತಿಯ ಬೂಷ್ಟನ್ನು ಬೆಳೆಸುತ್ತವೆ. ಕಾಡಿನ ಕಸ ಹೀಗೆ ಮಣ್ಣಿಗೆ ಸಲ್ಲುತ್ತದೆ. ಹುತ್ತವನ್ನು ಒಡೆದು ಗೆದ್ದಲನ್ನು ತಿನ್ನುವ ಕರಡಿ, ಚಿಪ್ಪುಹಂದಿಗಳಂಥ ಪ್ರಾಣಿಗಳು ಒಣಕಾಡಿನಲ್ಲಿಯೇ ನೆಲೆ ಕಂಡುಕೊಂಡಿರುವುದು ಆಕಸ್ಮಿಕವಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಕೆಲವರು ಕೇಳಬಹುದು: ಮನುಷ್ಯನ ಕೈ ತಾಗಿ ಹಾಳಾದ ದಟ್ಟ ಕಾಡಿನ ಅವಶೇಷವೇ ಇದಲ್ಲವೆ? ಹಾಗೆ ಆಗಿರುವ ಜಾಗಗಳು ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಈ ಸೀಮೆಯಲ್ಲಿ ಮನುಷ್ಯನ ಸಹವಾಸ ನಿನ್ನೆ ಮೊನ್ನೆಯದಲ್ಲ. ಸುರಪುರದ ಆಚೆ ಹುಣಸಗಿಯ ಕಣಿವೆಯಲ್ಲಿ ಸುಣ್ಣಕಲ್ಲಿನ ಸಂದುಗಳಿಂದ ನೀರು ಒಸರುವ ಬುಗ್ಗೆಗಳಿವೆ. ಅಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು ಹಲವು ದಶಕಗಳ ಕಾಲ ಅಲೆದು, ಆದಿಮಾನವನು ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದ ಅನೇಕ ನೆಲೆಗಳನ್ನು ಗುರುತಿಸಿದರು. ಇಸಾಂಪುರದಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಕವಚವನ್ನು ಪರೀಕ್ಷಿಸಿದಾಗ ಅದರ ವಯಸ್ಸು ಸುಮಾರು 12 ಲಕ್ಷ ವರ್ಷಗಳೆಂದು ತಿಳಿದುಬಂದಿತು. ಪದ್ದಯ್ಯನವರು ಕಲ್ಲುಗಳನ್ನು ಆರಿಸುವುದಷ್ಟಕ್ಕೇ ನಿಲ್ಲದೆ, ಇಂದಿಗೂ ಆ ಕಣಿವೆಯಲ್ಲಿ ದೊರೆಯುವ ತಿನ್ನಲರ್ಹವಾದ ಕಾಡುಗಿಡಗಳನ್ನೂ ಪ್ರಾಣಿಗಳನ್ನೂ ಪಟ್ಟಿಮಾಡಿ, ಆ ಪ್ರಾಚೀನರು ಯಾವ ಋತುವಿನಲ್ಲಿ ಏನನ್ನು ತಿಂದು ಬದುಕಿರಬಹುದೆಂದು ವಿಚಾರ ಮಾಡಿದರು. ‘ಬಂಜರು’ ನೆಲವು ಲಕ್ಷಾಂತರ ವರ್ಷ ಅನ್ನ ಹಾಕಿದ್ದು ಹೀಗೆ.

ಅದೇ ಸೀಮೆಯ ಬೂದಿಹಾಳದಲ್ಲಿ ಹಳೆಯ ಬೂದಿದಿಬ್ಬವೊಂದಿದೆ. ಹೆಸರೇ ಅದನ್ನು ಹೇಳುತ್ತದೆ. ಕ್ರಿ.ಪೂ. ಸುಮಾರು 2300ರಿಂದ 1700ರವರೆಗೆ ಅಲ್ಲಿ ದನಗಾಹಿಗಳ ದೊಡ್ಡಿಯಿದ್ದು, ಅವರು ಕೂಡಿಹಾಕಿದ ಸೆಗಣಿಯನ್ನು ಆಗಾಗ ಸುಡುತ್ತಿದ್ದುದರಿಂದ ಆ ದಿಬ್ಬ ಬೆಳೆಯಿತೆಂದು ಉತ್ಖನನವು ತೋರಿಸಿತು. ಅಂದಮೇಲೆ ಈ ಗುಡ್ಡಗಳ ಹುಲ್ಲೂ ಮುಳ್ಳೂ ನಾಲ್ಕು ಸಾವಿರ ವರ್ಷಗಳಿಂದ ದನದ ಬಾಯಿಯನ್ನು ಕಂಡಿವೆ. ಕಾಡು ಅದಕ್ಕೆ ಹೊಂದಿಕೊಂಡು ಬಂದಿದೆ. ಬಾಯಿಗಳ ಸಂಖ್ಯೆಗೂ ಒಂದು ಮಿತಿಯಿರಬೇಕೆಂಬುದು ಬೇರೆ ಮಾತು.

ಈಗ ಪ್ರಾಣಿಗಳ ಕಡೆಗೆ ತಿರುಗೋಣ. ಈ ಕಡೆಯ ಜನ ಚಿಗರಿಯೆಂದು ಕರೆಯುವ ಕೃಷ್ಣಮೃಗವು ಕಾಡಿನ ಪ್ರಾಣಿಯೆಂಬುದಕ್ಕಿಂತ ಬಯಲಿನ ಪ್ರಾಣಿಯೆಂಬುದು ಸರಿ. ಅದರ ಆಯುಧ ಕೊಂಬಲ್ಲ, ಕಣ್ಣು ಮತ್ತು ಕಾಲು. ದೂರದಲ್ಲಿ ಶತ್ರುವನ್ನು ಕಂಡು ಗಂಟೆಗೆ 80 ಕಿಲೋಮೀಟರಿನಷ್ಟು ವೇಗದಲ್ಲಿ ಓಡಬಲ್ಲ ಪ್ರಾಣಿಗೆ ಮರಗಳು ಒತ್ತಾಗಿರುವುದು ಉಪಕಾರವಲ್ಲ, ಅಪಕಾರ. ಅದನ್ನು ಬೆನ್ನಟ್ಟಿ ಬೆಳೆದದ್ದು ತೋಳ. ಚಿಗರಿ ವಿರಳವಾದಲ್ಲಿ ತೋಳ ಕುರಿಯ ಹಿಂಡಿನ ಹಿಂದೆ ಹೋಗುತ್ತದೆ. ಇದರಿಂದ ಕುರಿಗಾಹಿಗೆ ನಷ್ಟ, ತೋಳಕ್ಕೆ ಪ್ರಾಣಭಯ. ಕುರಿಗಾಹಿಗಳು ವಂಶಪಾರಂಪರ್ಯವಾಗಿ ತೋಳವನ್ನು ಬಲ್ಲವರು. ನಾಯಿ, ಬೆಂಕಿ, ಬಡಿಗೆಗಳಿಂದ ಅದನ್ನು ದೂರವಿಡಬಲ್ಲವರು. ಅವರ ಹಟ್ಟಿ ಬಯಲಿನಲ್ಲಿರುವವರೆಗೆ ಬಯಲೂ ಉಳಿದಿರುತ್ತದೆ. ಹೀಗೆ ಶತ್ರುಗಳಾದ ಇವರಿಬ್ಬರೂ ಒಂದೇ ಬಯಲಿನ ಒಕ್ಕಲುಗಳು.

ಮುಳ್ಳುಕಾಡನ್ನು ಬಂಜರೆಂದು ಕರೆಯುವುದರಿಂದ ಆದ ಹಾನಿಯನ್ನು ಹೇಳುವೆವೆಂದು ಮೇಲೆ ಮಾತು ಕೊಟ್ಟಿದ್ದೆವು. ಕಂದಾಯದ ಲೆಕ್ಕದಲ್ಲಿ ತೆರಿಗೆ ಕೊಡದ ನೆಲ ನಿಷ್ಪ್ರಯೋಜಕ. ಆ ದೃಷ್ಟಿ ಇಂದಿಗೂ ಹೋಗಿಲ್ಲ. ಉಪಗ್ರಹಗಳ ಚಿತ್ರಗಳಿಂದ ಸಿದ್ಧಪಡಿಸಿದ ಭಾರತದ ಬಂಜರುಭೂಮಿಗಳ ನಕ್ಷೆಪುಸ್ತಕದಲ್ಲಿ ಕುರುಚಲು ನೆಲಗಳೂ ಹುಲ್ಲುಗಾವಲುಗಳೂ ಬಂಜರಿನ ಲೆಕ್ಕದಲ್ಲಿಯೇ ಸೇರಿಕೊಂಡಿವೆ. ಒಮ್ಮೆ ಬಂಜರೆಂದು ಬರೆದ ಮೇಲೆ ಅದನ್ನು ‘ಉದ್ಧಾರ’ ಮಾಡುವ ಹುಮ್ಮಸ್ಸು ಹುಟ್ಟುತ್ತದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗಧಾಮವಾಯಿತು. ಆದರೆ ಆ ಬಯಲಿನ ಬಹುಭಾಗದಲ್ಲಿ ನೀಲಗಿರಿ ಮರಗಳ ತೋಪುಗಳಿದ್ದವು. ತೆರೆದ ಬಯಲನ್ನೇ ನೆಚ್ಚಿದ್ದ ಎರ್ಲಡ್ಡು ಹಕ್ಕಿ ಆ ನೆಲವನ್ನು ಬಿಟ್ಟುಹೋಯಿತು. ಹಸುರು ಹೆಚ್ಚಿತು, ಹಕ್ಕಿ ಹೋಯಿತು! ಇದನ್ನು ಕಾಡು ಬೆಳೆಸುವುದೆನ್ನಬೇಕೋ ಕಾಡು ಕಳೆಯುವುದೆನ್ನಬೇಕೋ ವಾಚಕರೇ ನಿರ್ಣಯಿಸಲಿ. ಬಳ್ಳಾರಿ ಜಾಲಿಯದು ಇನ್ನೊಂದು ಇತಿಹಾಸ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಾ ಖಂಡದಿಂದ ಸೌದೆಗೆಂದು ತರಿಸಿದ ಆ ಗಿಡವು ದಖ್ಖಣದ ಕೆರೆಯಂಗಳ, ಹಳ್ಳದ ದಂಡೆ, ಗೋಮಾಳಗಳನ್ನೆಲ್ಲ ತಾನೇ ಆಕ್ರಮಿಸಿ, ನಾಡಿನ ಬನ್ನಿ ಬಾರಿಗಳಿಗೆ ಎಡೆಗೊಡದಂತೆ ಹಬ್ಬಿದೆ.

ನೀರಾವರಿಯೂ ಈ ನೆಲದ ಮುಖವನ್ನು ಬದಲಾಯಿಸಿತು. 1982ರಲ್ಲಿ ನಾರಾಯಣಪುರದ ಬಸವಸಾಗರ ಮುಗಿದು ಎಡದಂಡೆಯ ಕಾಲುವೆಯ ನೀರು ಸುರಪುರ, ಶಹಾಪುರಗಳ ಹೊಲಗಳಿಗೆ ಹರಿದಾಗ, ಬರದಿಂದ ಬೆಂದಿದ್ದ ರೈತನಿಗೆ ಅದು ವರವಾಯಿತು. ಇದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಜೋಳದ ಹೊಲವು ಭತ್ತದ ಗದ್ದೆಯಾದಾಗ, ಸುಗ್ಗಿಯ ಅನಂತರ ಆರು ತಿಂಗಳು ಬಿಡುವಾಗಿರುತ್ತಿದ್ದ ಬಯಲು ಕುರಿಗಾಹಿಗೂ ಇಲ್ಲವಾಯಿತು, ಚಿಗರಿಗೂ ಇಲ್ಲವಾಯಿತು. ಎರಡೂ ಹಿಂಡುಗಳು ಹೋಗಬೇಕಾದ ಜಾಗವೆಂದರೆ ಕಾಲುವೆ ಏರಲಾರದ ಗುಡ್ಡದ ಅಂಚುಗಳು. ಹಿಂದೆ ಮಿಗಿಲಾಗಿದ್ದ ಆ ಅಂಚುಗಳ ಬೆಲೆ ಈಗ ಹತ್ತುಮಡಿಯಾಗಿದೆ.

ಹಾಗಾದರೆ ರಕ್ಷಣೆಯ ದಾರಿ ಯಾವುದು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೆಂಬ ಮಾರ್ಗಗಳಿದ್ದವು. ಹತ್ತಿರದ ಉದಾಹರಣೆ ಹಳೆಯ ಗುಲ್ಬರ್ಗಾ ಜಿಲ್ಲೆಯಲ್ಲಿಯೇ ಇದೆ. ಯಾದಗಿರಿಯ ಉತ್ತರಕ್ಕೆ, ತೆಲಂಗಾಣದ ಗಡಿಯಲ್ಲಿರುವ ಚಿಂಚೋಳಿಯ ಒಣಕಾಡು 2011ರಲ್ಲಿ ಅಭಯಾರಣ್ಯವಾಯಿತು. ಅದರ ವಿಸ್ತಾರ 134.88 ಚದರ ಕಿಲೋಮೀಟರು. ರಕ್ತಚಂದನ, ಶ್ರೀಗಂಧಗಳ ಜೊತೆಗೆ ತೋಳ, ಕತ್ತೆಕಿರುಬ, ಕೃಷ್ಣಮೃಗ, ನಾಲ್ಕು ಕೊಂಬಿನ ಕೊಂಡುಕುರಿಗಳಿಗೆ ಅದು ಆಶ್ರಯ. ಚಂದ್ರಂಪಳ್ಳಿಯ ಜಲಾಶಯವು ಬೇಸಗೆಯಲ್ಲಿ ಅವುಗಳಿಗೆ ನೀರನ್ನು ಒದಗಿಸುತ್ತದೆ. ಆದರೆ ಕಾಡಿನೊಳಗೆ ಲಂಬಾಣಿ ತಾಂಡಾಗಳೂ ಇವೆ. ತಲೆಮಾರುಗಳಿಂದ ಅಲ್ಲಿ ದನ ಮೇಯಿಸಿದವರಿಗೆ, ಸೌದೆ ತಂದವರಿಗೆ, ನಾಳೆಯಿಂದ ಇದು ಮೃಗಗಳ ಮನೆ ಎಂದು ಹೇಳಿದರೆ ಅವರು ಒಪ್ಪುವುದು ಹೇಗೆ? ಕಾಡಿನ ನಿವಾಸಿಗಳ ಹಕ್ಕುಗಳನ್ನು ಗುರುತಿಸುವ 2006ರ ಕಾಯಿದೆಯೂ ಜಾರಿಯಲ್ಲಿರುವಾಗ, ಈ ಪ್ರಶ್ನೆಯನ್ನು ಲಾಠಿಯಿಂದಲ್ಲ, ಲೇಖನಿಯಿಂದಲೂ ಅಲ್ಲ, ಎದುರು ಕುಳಿತು ಮಾತಾಡಿ ಬಗೆಹರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಗೆರೆ ಎಳೆಯುವುದರಲ್ಲಿ ಅತಿಯಾದರೂ ಕಷ್ಟವೇ. ನೆರೆಯ ಸೊಲ್ಲಾಪುರದ ಕಡೆ ನಾನ್ನಜದಲ್ಲಿ 1979ರಲ್ಲಿ ಎರ್ಲಡ್ಡಿಗಾಗಿ 8,496 ಚದರ ಕಿಲೋಮೀಟರಿನ ಅಭಯಾರಣ್ಯವನ್ನು ಸಾರಿದರು. ಅದರೊಳಗೆ ಊರುಗಳು, ಹೊಲಗಳು, ರಸ್ತೆಗಳು ಎಲ್ಲವೂ ಸೇರಿಹೋದವು. ಜಮೀನಿನ ವ್ಯವಹಾರಕ್ಕೆಲ್ಲ ಅಡ್ಡಿಯಾಗಿ ಜನರಿಗೆ ಹಕ್ಕಿಯ ಹೆಸರೇ ಬೇಡವಾಯಿತು. ಕೊನೆಗೆ ವಿಸ್ತಾರವನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಬೇಕಾಯಿತು. ಇದಕ್ಕೆ ತದ್ವಿರುದ್ಧವಾಗಿ, ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಮೀಸಲಾದ ತಾಣವು 300 ಹೆಕ್ಟೇರುಗಳಿಗಿಂತ ಸ್ವಲ್ಪ ಹೆಚ್ಚು, ಅಂದರೆ ಮೂರು ಚಿಲ್ಲರೆ ಚದರ ಕಿಲೋಮೀಟರು. ತೋಳದ ಒಂದು ಗುಂಪು ಸಂಚರಿಸುವ ಸೀಮೆಯಾದರೋ ನೂರು ಚದರ ಕಿಲೋಮೀಟರಿಗೂ ಮಿಕ್ಕಿದ್ದು. ಆದ್ದರಿಂದ ಬಂಕಾಪುರವು ತೋಳಕ್ಕೆ ಬಾಣಂತಿಯ ಕೋಣೆ ಮಾತ್ರ. ಅದರ ಬದುಕೆಲ್ಲ ಹೊರಗಿನ ಹೊಲ, ಹಟ್ಟಿಗಳ ನಡುವೆ. ಅಷ್ಟಾದರೂ ಆ ಕೋಣೆಯ ಬೆಲೆ ಸಣ್ಣದೆನ್ನಲಾರೆವು. ಮರಿಗಳಿಗೆ ಬೇಕಾದ ಗವಿಗಳು ಅಗೆತಕ್ಕೆ ಸಿಕ್ಕಿ ಹೋದರೆ ಮತ್ತೆ ದೊರೆಯುವುದಿಲ್ಲ.

2002ರಲ್ಲಿ ಕಾಯಿದೆಗೆ ಆದ ತಿದ್ದುಪಡಿಯಿಂದ ಸಂರಕ್ಷಣಾ ಮೀಸಲು, ಸಮುದಾಯ ಮೀಸಲು ಎಂಬ ಇನ್ನೆರಡು ಮಾರ್ಗಗಳು ತೆರೆದವು. ಸಂರಕ್ಷಣಾ ಮೀಸಲನ್ನು ಸಾರುವ ಮೊದಲು ಸರ್ಕಾರವು ಸ್ಥಳೀಯರೊಡನೆ ಸಮಾಲೋಚಿಸಬೇಕು. ಅದರ ಆಡಳಿತಸಮಿತಿಯಲ್ಲಿ ಗ್ರಾಮಪಂಚಾಯತಿಯವರಿಗೂ ಸ್ಥಾನವುಂಟು. ಹೊಲ, ಗುಡ್ಡ, ಗೋಮಾಳಗಳು ಹೆಣೆದುಕೊಂಡಿರುವ ಯಾದಗಿರಿಯಂಥ ಸೀಮೆಗೆ ಈ ಉಡುಪು ಹೆಚ್ಚು ಹೊಂದುವುದೆಂದು ನಮಗೆ ತೋರುತ್ತದೆ. ಸುರಪುರದ ಬಳಿಯ ಬೋನಾಳದಲ್ಲಿ ಜನ ಇದನ್ನು ಬೇರೆ ಬಗೆಯಲ್ಲಿ ಕಂಡಿದ್ದಾರೆ. 1841ರಿಂದ ಹನ್ನೆರಡು ವರ್ಷ ಸುರಪುರ ಸಂಸ್ಥಾನದ ಮೇಲ್ವಿಚಾರಣೆ ನೋಡಿಕೊಂಡಿದ್ದ ಮೆಡೋಸ್ ಟೇಲರನು ತನ್ನ ಆತ್ಮಕಥೆಯಲ್ಲಿ ಸ್ಮರಿಸಿರುವ ಆ ಹಳೆಯ ಕೆರೆಯನ್ನು ಕಟ್ಟಿಸಿದ್ದು ಹೊಲಗಳ ನೀರಿಗಾಗಿ, ಹಕ್ಕಿಗಳಿಗಾಗಿ ಅಲ್ಲ. ಆದರೂ ಅದು ಇಂದು ಹೆಸರಾದ ಪಕ್ಷಿಧಾಮ. ಚಳಿಗಾಲದಲ್ಲಿ ಉತ್ತರದಿಂದ ಬಂದ ಬಾತುಗಳು ಅಲ್ಲಿ ಇಳಿಯುವಾಗ, ಬೇಸಾಯಕ್ಕೂ ಹಕ್ಕಿಗೂ ಒಂದೇ ಕೆರೆ ಸಾಲುವುದನ್ನು ಯಾರೂ ನೋಡಬಹುದು. ಆದರೆ ಕೆರೆಯ ಹಕ್ಕಿಗೆ ನೋಡುಗರುಂಟು. ಗುಡ್ಡದ ಹಕ್ಕಿಗೆ ಇಲ್ಲ.

ಅಂಥ ಒಂದು ಹಕ್ಕಿಯ ವಿಷಯವನ್ನು ಹೇಳಿ ಮುಗಿಸುವೆವು. ಸ್ಯಾಂಡ್‌ಗ್ರೌಸ್ ಎಂದು ಪಕ್ಷಿವಿಜ್ಞಾನಿಗಳು ಕರೆಯುವ, ಪಾರಿವಾಳದಷ್ಟು ಗಾತ್ರದ, ನೆಲದ ಬಣ್ಣವನ್ನೇ ಹೊದ್ದ ಹಕ್ಕಿಯಿದು. ದಖ್ಖಣದ ಒಣಬಯಲು ಇದರ ಖಾಯಂ ನೆಲೆ. ಒಣ ಬೀಜಗಳೇ ಆಹಾರವಾದ್ದರಿಂದ ದಿನವೂ ಬಹುದೂರ ಹಾರಿ ನೀರು ಕುಡಿದು ಬರಬೇಕು. ಹಾರಲಾರದ ಮರಿಗಳ ಗತಿ? ಗಂಡು ಹಕ್ಕಿಯು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ಅದ್ದಿ ತಂದು ಮರಿಗಳಿಗೆ ಚೀಪಿಸುತ್ತದೆಂದು 1896ರಲ್ಲಿಯೇ ಮೀಡ್ ವಾಲ್ಡೊ ಎಂಬ ಆಂಗ್ಲನು ತಾನು ಸಾಕಿದ ಹಕ್ಕಿಗಳನ್ನು ನೋಡಿ ಬರೆದನು. ಎಷ್ಟೋ ಜನ ಅದನ್ನು ನಂಬಲಿಲ್ಲ. 1967ರಲ್ಲಿ ಕೇಡ್ ಮತ್ತು ಮೆಕ್ಲೀನ್ ಎಂಬುವರು ಆಫ್ರಿಕದ ಕಲಹರಿಯಲ್ಲಿ ಇದರ ಬಳಗದ ಹಕ್ಕಿಗಳನ್ನು ಪರೀಕ್ಷಿಸಿ, ಆ ಗರಿಗಳ ಎಳೆಗಳು ಸುರುಳಿ ಬಿಚ್ಚಿಕೊಂಡು ಸ್ಪಂಜಿನಂತೆ ನೀರನ್ನು ಹಿಡಿಯುವುದನ್ನು ತೋರಿಸಿದರು. ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಬೇಸಗೆಯಲ್ಲಿ ಬರಿಯ ನೆಲವನ್ನು ಒಂದಿಷ್ಟು ಕೆದರಿ ಅಲ್ಲಿಯೇ ಮೂರು ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಗಳು ಕಲ್ಲಿನ ಹರಳುಗಳಂತಿದ್ದು, ಒಂದು ಗಜದ ದೂರದಲ್ಲಿ ನಿಂತರೂ ಕಾಣುವುದಿಲ್ಲ. ವನಮಹೋತ್ಸವದ ಸಸಿಗಳಿಗೆಂದು ಬಂಜರು ನೆಲದಲ್ಲಿ ಗುಂಡಿಗಳನ್ನು ತೋಡಿ ಸಿದ್ಧಪಡಿಸುವುದೂ ಮಳೆಗೆ ಮುಂಚಿನ ಅದೇ ಏಪ್ರಿಲ್ ಮೇ ತಿಂಗಳುಗಳಲ್ಲಿ.